ಮೊದಲನೆಯವನ ನಗಾರಿ, ಎರಡನೆಯವಳ ಕಿವಿ

ನಮ್ಮ ಊರಿನಲ್ಲಿ ಸಮುದ್ರವನ್ನು ಯಾರೂ ನೋಡುವಂತಿಲ್ಲ. ಒಬ್ಬನನ್ನು ಬಿಟ್ಟು.

ಹೀಗಂದರೆ ಬೇರೆ ಊರಿನವರು ನಗುತ್ತಾರೆ. ನಗಲಿ, ನಗುವವರ ಊರಲ್ಲಿ ಸಮುದ್ರವಿಲ್ಲ. ನಮ್ಮದು ಉಪ್ಪು ಬೆಳೆಯುವ ಊರು. ಊರಿಗೂ ಸಮುದ್ರಕ್ಕೂ ನಡುವೆ ಒಂದು ಕಟ್ಟೆ, ಕಟ್ಟೆಗೆ ಏಳು ಮರದ ಬಾಗಿಲು. ತೆರೆದರೆ ಉಪ್ಪಿನ ಗದ್ದೆಗೆ ನೀರು, ತೆರೆದೇ ಬಿಟ್ಟರೆ ಅಡುಗೆಮನೆಗೇ ನೀರು. ಕಟ್ಟೆಯ ಹೊರಮೈಗೆ ಹನ್ನೆರಡು ಮೆಟ್ಟಿಲು. ನೀರು ಎಂಟನೇ ಮೆಟ್ಟಿಲು ಮುಟ್ಟಿದರೆ ಬಾಗಿಲು ಮುಚ್ಚಬೇಕು. ಹನ್ನೆರಡನ್ನು ದಾಟಿದರೆ ಮುಚ್ಚಿದ ಬಾಗಿಲೂ ಒಂದೇ, ತೆರೆದ ಬಾಗಿಲೂ ಒಂದೇ.

ಹಿಂದೆ ಎಲ್ಲರೂ ನೋಡುತ್ತಿದ್ದರಂತೆ. ಒಬ್ಬ "ನೀರು ಬಂತು" ಅಂತ ಕೂಗುವುದು, ಊರೆಲ್ಲ ಗುಡ್ಡ ಹತ್ತುವುದು, ಹತ್ತಿ ನೋಡಿದರೆ ಏನೂ ಇಲ್ಲ. ಇಳಿದು ಒಲೆ ಹಚ್ಚುವಷ್ಟರಲ್ಲಿ ಇನ್ನೊಬ್ಬಳು ಕೂಗುವುದು. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದು ಜನ ಬೇಸತ್ತರು. ಕೊನೆಗೆ ನಿಜವಾಗಿ ನೀರು ಬಂದ ದಿನ ಯಾರೂ ಏಳಲೇ ಇಲ್ಲ. ಉಳಿದವರು ಸೇರಿ ಕಟ್ಟಳೆ ಮಾಡಿದರು: ನೋಡುವವ ಒಬ್ಬ. ಮಿಕ್ಕವರೆಲ್ಲ ಕೇಳುವವರು.

ಅಂದಿನಿಂದ ನಮ್ಮ ಮನೆಗಳಿಗೆ ಪಡುವಣ ದಿಕ್ಕಿಗೆ ಕಿಟಕಿಯಿಲ್ಲ. ಬಾಗಿಲು ಕಾಯುವ ಏಳು ಜನ ಸಮುದ್ರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ನಾವು ಗದ್ದೆಗೆ ಹೋಗುವಾಗ ಸೆರಗನ್ನು ಕೆನ್ನೆಗೆ ಅಡ್ಡ ಹಿಡಿಯುತ್ತೇವೆ. ಕತ್ತು ತಿರುಗಿಸಿದ ಮಗುವಿಗೆ ಕಿವಿ ಹಿಂಡುತ್ತೇವೆ, ಆಮೇಲೆ ಬೆಲ್ಲ ಕೊಡುತ್ತೇವೆ.

ನೋಡುವವನಿಗೆ ಕಟ್ಟೆಯ ಮೇಲೆ ಒಂದು ಗೋಪುರ, ಗೋಪುರದಲ್ಲಿ ಒಂದು ನಗಾರಿ. ಅವನನ್ನು ನಾವು ಮೊದಲನೆಯವ ಎನ್ನುತ್ತೇವೆ. ಇಳಿತದಲ್ಲಿ ಅವನಿಗೆ ನಿದ್ದೆ, ಉಬ್ಬರದಲ್ಲಿ ನೋಟ. ಉಬ್ಬರ ಶುರುವಾದರೆ ಮೂವತ್ತು ಉಸಿರಿಗೊಂದು ಪೆಟ್ಟು. ಒಂಟಿ ಪೆಟ್ಟೆಂದರೆ ನೋಡುತ್ತಿದ್ದೇನೆ, ಎಲ್ಲ ಸರಿಯಿದೆ. ಜೋಡಿ ಪೆಟ್ಟೆಂದರೆ ಬಾಗಿಲು ಮುಚ್ಚಿ. ಮೂರು ಪೆಟ್ಟೆಂದರೆ ತೆರೆಯಿರಿ. ನಿಲ್ಲದೆ ಬಾರಿಸಿದರೆ ಏನೂ ಕೇಳಬೇಡಿ, ಗುಡ್ಡ ಹತ್ತಿ.

ಮೊದಲನೆಯವ ಸತ್ತರೆ? ಬಿದ್ದರೆ? ಹಿರಿಯರು ಅದನ್ನೂ ಯೋಚಿಸಿದ್ದರು, ದಡ್ಡರಲ್ಲ. ಕಟ್ಟೆಯ ಇನ್ನೊಂದು ತುದಿಗೆ ಎರಡನೇ ಗೋಪುರ, ಅದರಲ್ಲಿ ಎರಡನೆಯವಳು. ಅವಳು ಸಮುದ್ರ ನೋಡುವಂತಿಲ್ಲ. ಅವಳ ಪಡುವಣ ಕಿಟಕಿಗೆ ಹಲಗೆ ಬಡಿದಿದೆ. ಅವಳ ಕೆಲಸ ಮೊದಲನೆಯವನ ನಗಾರಿ ಕೇಳುವುದು, ಅಷ್ಟೇ. ಮೂರು ಪೆಟ್ಟು ತಪ್ಪಿದರೆ, ಅಂದರೆ ತೊಂಬತ್ತು ಉಸಿರು ಮೌನವಾದರೆ, ಹಲಗೆ ಒಡೆದು ನೋಡಬೇಕು, ತನ್ನ ನಗಾರಿ ಬಾರಿಸಬೇಕು. ತಪ್ಪದಿದ್ದರೆ ಸುಮ್ಮನಿರಬೇಕು. ಅವಳು ಇಪ್ಪತ್ತೆರಡು ವರ್ಷ ಸುಮ್ಮನಿದ್ದಳು.

ಇಬ್ಬರೂ ಒಂದೇ ರೋಗಕ್ಕೆ ಬೀಳಬಾರದೆಂದು ಇಬ್ಬರಿಗೂ ಬೇರೆ ಬಾವಿ, ಬೇರೆ ಒಲೆ, ಬೇರೆ ಅಡುಗೆಯವರು. ಒಬ್ಬರನ್ನೊಬ್ಬರು ಭೇಟಿಯಾಗುವಂತಿಲ್ಲ, ಒಂದೇ ಗೋಪುರದಲ್ಲಿ ನಿಲ್ಲುವಂತಿಲ್ಲ. ನಾನು ಎರಡನೇ ಒಲೆಯವಳು. ಮೊದಲನೇ ಒಲೆಯವಳ ಮನೆ ನನ್ನ ಹಿತ್ತಿಲಿಗೆ ತಾಗಿಕೊಂಡೇ ಇದೆ, ಆದರೂ ಅವಳಿಂದ ನಾನು ಒಂದು ಚಿಟಿಕೆ ಉಪ್ಪು ಇಸಿದುಕೊಂಡವಳಲ್ಲ. ಉಪ್ಪಿನೂರಲ್ಲಿ ಉಪ್ಪಿಗೂ ಮಡಿ! ನೋಡಿದರೆ ನಗು ಬರುತ್ತದೆ, ಆದರೆ ಈ ಒಂದು ಕಟ್ಟಳೆಯನ್ನು ನಾನು ಈಗಲೂ ಸರಿ ಎನ್ನುತ್ತೇನೆ. ಒಂದೇ ಪಾತ್ರೆಯ ಹಳಸಲು ತಿಂದು ಇಬ್ಬರೂ ಮಲಗಿದರೆ ಇಬ್ಬರಿದ್ದು ಏನು ಬಂತು?

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಬೇರೆಯೇ. ನನ್ನ ಅಜ್ಜಿಯ ಕಾಲದಲ್ಲಿ ಒಂದು ದಿನ ಎರಡೂ ನಗಾರಿ ಒಟ್ಟಿಗೆ ಮೊಳಗಿದವು. ಗಾಳಿ ತಿರುಗಿ ಸದ್ದು ಕೇಳಿಸದೆ ಆಗಿನ ಎರಡನೆಯವ, ಮೊದಲನೆಯವ ಸತ್ತ ಅಂತ ತಿಳಿದ. ಒಬ್ಬ ಮುಚ್ಚಿ ಎಂದ, ಇನ್ನೊಬ್ಬ ತೆರೆಯಿರಿ ಎಂದ. ನಾಲ್ಕು ಬಾಗಿಲು ಮುಚ್ಚಿದವು, ಮೂರು ತೆರೆದವು. ಆ ಮೂರರಿಂದ ಬಂದ ನೀರಲ್ಲಿ ಹೋದವರ ಹೆಸರನ್ನು ಅಜ್ಜಿಗೆ ಒಂದೇ ಉಸಿರಿಗೆ ಹೇಳಲಾಗುತ್ತಿರಲಿಲ್ಲ, ನಡುವೆ ಎರಡು ಸಲ ನಿಲ್ಲುತ್ತಿದ್ದಳು. ಅಂದಿನಿಂದ, ಮೊದಲ ನಗಾರಿ ಜೀವಂತವಿರುವಾಗ ಎರಡನೆಯದನ್ನು ಮುಟ್ಟಿದವರಿಗೆ ಊರಿಲ್ಲ, ನೀರಿಲ್ಲ, ಹೆಸರಿಲ್ಲ. ಗಡಿಯಾಚೆ ಬಿಟ್ಟು ಬರುವುದು.

ಆ ಹೆದರಿಕೆ ನಮ್ಮ ಎಲುಬಿಗೆ ಇಳಿದಿತ್ತು. ಇನ್ನು ತಾಲೀಮಿನ ಸಂಗತಿ ಹೇಳುತ್ತೇನೆ, ನಗಬೇಡಿ.

ವರ್ಷಕ್ಕೊಮ್ಮೆ, ಯುಗಾದಿಯ ಮಾರನೇ ದಿನ, ತಾಲೀಮು. ಒಂದು ತಿಂಗಳ ಮುಂಚೆಯೇ ಡಂಗುರ. ಆ ದಿನ ಇಳಿತದ ಹೊತ್ತು ನೋಡಿ ಮೊದಲನೆಯವ ನಾಲ್ಕು ಪೆಟ್ಟು ಬಾರಿಸಿ ನಿಲ್ಲಿಸುತ್ತಾನೆ. ಎರಡನೆಯವಳು ತೊಂಬತ್ತು ಉಸಿರು ಎಣಿಸುತ್ತಾಳೆ. ಏಳುತ್ತಾಳೆ. ಕೋಲು ಹಿಡಿಯುತ್ತಾಳೆ. ಕೋಲು ಎತ್ತುತ್ತಾಳೆ. ಆಗ ಊರ ಯಜಮಾನರು ಕೈ ಅಡ್ಡ ಹಿಡಿಯುತ್ತಾರೆ.

"ಸಾಕು ತಾಯಿ. ಬಾರಿಸಿದ ಹಾಗೇ ಆಯಿತು."

ಯಾಕೆಂದರೆ ಇವಳು ಬಾರಿಸುವ ಹೊತ್ತಿಗೇ ಅವನು ಮತ್ತೆ ಶುರು ಮಾಡಿಬಿಟ್ಟರೆ? ಎರಡು ನಗಾರಿ! ಬೇಡಪ್ಪ ಬೇಡ. ಹಾಗಾಗಿ ಕೋಲು ಕೆಳಗೆ. ಆಮೇಲೆ ಹಳೆಯ ಹೊದಿಕೆ ಬಿಚ್ಚದೆಯೇ ನಗಾರಿಗೆ ಹಾಲು, ಜೇನು, ತುಪ್ಪ, ಮೇಲೊಂದು ಕುಂಕುಮ, ಅದರ ಮೇಲೆ ರೇಷ್ಮೆ ಬಟ್ಟೆ, ಬಟ್ಟೆಯ ಮೇಲೆ ಮಲ್ಲಿಗೆ. ಯಜಮಾನರು ತಾಳೆಗರಿಯಲ್ಲಿ "ತಾಲೀಮು ಸುಸೂತ್ರ" ಅಂತ ಬರೆಯುತ್ತಾರೆ. ನಾನು ಹೋಳಿಗೆ ಮಾಡುತ್ತೇನೆ. ಎಲ್ಲರೂ ಚಪ್ಪರಿಸಿ ತಿಂದು ಹೋಗುತ್ತಾರೆ. ನನ್ನ ಹೋಳಿಗೆ ಚೆನ್ನಾಗಿಯೇ ಇರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ.

ಇಪ್ಪತ್ತೆರಡು ವರ್ಷ ಅವಳಿಗೆ ದಿನಕ್ಕೆರಡು ಹೊತ್ತು ಗಂಜಿ ಒಯ್ದಿದ್ದೇನೆ. ಗೋಪುರ ಸೇರಿದವರು ಹೆಸರನ್ನು ಬಾಗಿಲಲ್ಲೇ ಬಿಡಬೇಕು, ಹಾಗಾಗಿ ನಾನೂ ಅವಳನ್ನು ಎರಡನೆಯವಳೇ ಎನ್ನುತ್ತಿದ್ದೆ. ಗೋಡೆಗೊರಗಿ, ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದಳು. ಪೆಟ್ಟು ಬಿದ್ದಾಗ ಒಂದು ಕಪ್ಪೆಚಿಪ್ಪನ್ನು ಎಡಗಡೆಯಿಂದ ಬಲಗಡೆಗೆ ಸರಿಸುತ್ತಿದ್ದಳು. ನಡುನಡುವೆ ನನಗೆ ವರದಿ ಬೇರೆ.

"ಇವತ್ತು ಅವನಿಗೆ ನೆಗಡಿ."

"ಹೇಗೆ ಗೊತ್ತು?"

"ಪೆಟ್ಟಿನ ಹಿಂದೆ ಸೀನು ಇದೆ."

ಮುಖವನ್ನೇ ನೋಡದವನ ನೆಗಡಿ, ನೋವು, ಸಿಟ್ಟು ಎಲ್ಲ ಅವಳಿಗೆ ಗೊತ್ತು. ಮನೆಯಲ್ಲಿ ಗಂಡ ಅಂತ ಒಬ್ಬನನ್ನು ಇಟ್ಟುಕೊಂಡ ನನಗೆ ಅವನ ಬಗ್ಗೆ ಅಷ್ಟು ಗೊತ್ತಿರಲಿಲ್ಲ.

ಒಂದು ದಿನ ಗಂಜಿ ಇಟ್ಟರೆ ಅವಳು ಮುಟ್ಟಲಿಲ್ಲ.

"ಅವನು ನೋಡುತ್ತಿಲ್ಲ," ಅಂದಳು.

"ಯಾರು?"

"ಮೊದಲನೆಯವ. ಬಾರಿಸುತ್ತಿದ್ದಾನೆ. ನೋಡುತ್ತಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಢಂ ಅಂತ ಆಗಲೇ ಒಂದು ಪೆಟ್ಟು ಬಿತ್ತು, ತುಂಬು ಪೆಟ್ಟು, ಗಟ್ಟಿ ಕೈ. ಅವಳು ಗೋಡೆಯ ಪಂಚಾಂಗ ತೋರಿಸಿದಳು, ಆಮೇಲೆ ತನ್ನ ಕಪ್ಪೆಚಿಪ್ಪಿನ ಸಾಲು ತೋರಿಸಿದಳು.

"ಹುಣ್ಣಿಮೆಗೆ ಇಷ್ಟು ನೀರು, ಅಷ್ಟಮಿಗೆ ಇಷ್ಟು ನೀರು ಅಂತ ಪಂಚಾಂಗ ಹೇಳುತ್ತದೆ. ಆದರೆ ಮೊದಲೆಲ್ಲ ಅವನ ಜೋಡಿ ಪೆಟ್ಟು ಪಂಚಾಂಗಕ್ಕಿಂತ ಒಂದಿಷ್ಟು ಮುಂಚೆಯೋ ಒಂದಿಷ್ಟು ತಡವೋ ಇರುತ್ತಿತ್ತು. ಗಾಳಿ ಇದ್ದರೆ ಮುಂಚೆ, ಇಲ್ಲದಿದ್ದರೆ ತಡ. ಎಂಟು ತಿಂಗಳಿಂದ ಒಂದು ಚಿಪ್ಪೂ ಆಚೀಚೆ ಇಲ್ಲ. ಪಂಚಾಂಗ ಏನಂದರೆ ಅದೇ. ನೀನೇ ಹೇಳು, ಸಮುದ್ರ ಎಂಟು ತಿಂಗಳು ಇಷ್ಟು ವಿಧೇಯವಾಗಿ ಇರುವುದು ಉಂಟಾ?"

ಸಮುದ್ರ ಪಂಚಾಂಗ ಓದುವುದಿಲ್ಲ. ಅಷ್ಟು ಅಡುಗೆಯವಳಿಗೂ ಗೊತ್ತು.

ಗಂಜಿ ಪಾತ್ರೆ ಹಿಡಿದುಕೊಂಡೇ ಯಜಮಾನರ ಮನೆಗೆ ಓಡಿದೆ. ಅವರು ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದರು. ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿದರು, ಕೇಳಿಲ್ಲ ಅನ್ನುವ ಹಾಗಿಲ್ಲ.

"ನಗಾರಿ ನಿಂತಿತಾ?" ಅಂದರು.

"ನಿಂತಿಲ್ಲ."

"ಮೂರು ಪೆಟ್ಟು ತಪ್ಪಿತಾ?"

"ಒಂದೂ ತಪ್ಪಿಲ್ಲ. ಅದೇ ತೊಂದರೆ ಅಂತಿದ್ದಾಳೆ."

"ಸರಿಯಾಗಿ ಬಾರಿಸುತ್ತಿರುವುದು ತೊಂದರೆ?"

"ಹೌದು ಸ್ವಾಮಿ. ತೀರಾ ಸರಿಯಾಗಿ."

ಅವರು ನನ್ನನ್ನು ಒಂದು ಕ್ಷಣ ನೋಡಿ, "ಅವಳಿಗೆ ಒಂಟಿತನ ಹತ್ತಿದೆ. ಸ್ವಲ್ಪ ತುಪ್ಪ ಜಾಸ್ತಿ ಹಾಕು," ಅಂದರು. ನಾನು ತುಪ್ಪ ಜಾಸ್ತಿ ಹಾಕಿದೆ. ಇನ್ನೇನು ಮಾಡಲಿ, ನನಗೂ ಬೇಕಾದದ್ದು ಅದೇ ಉತ್ತರವಾಗಿತ್ತು. ಈ ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಆಮೇಲೆ ಬಂದದ್ದು ಅಷ್ಟಮಿ. ಅಷ್ಟಮಿಯೆಂದರೆ ನಮ್ಮೂರಲ್ಲಿ ಆರಾಮದ ದಿನ. ಅರ್ಧ ಚಂದ್ರನ ದಿನ ಸಮುದ್ರಕ್ಕೆ ಶಕ್ತಿಯಿಲ್ಲ, ಐದನೇ ಮೆಟ್ಟಿಲು ದಾಟುವುದಿಲ್ಲ, ಬಾಗಿಲು ಮುಚ್ಚುವ ಗೋಜೇ ಇಲ್ಲ. ಬೆಳಗಿನ ಬಿಸಿಲು ನಿಚ್ಚಳವಾಗಿತ್ತು, ಗಾಳಿ ಇರಲಿಲ್ಲ. ಢಂ. ಎಲ್ಲ ಸರಿಯಿದೆ. ಮೂವತ್ತು ಉಸಿರು. ಢಂ. ಎಲ್ಲ ಸರಿಯಿದೆ.

ನಾನು ಗಂಜಿ ಹೊತ್ತು ಹೋದಾಗ ಎರಡನೆಯವಳು ನೆಲಕ್ಕೆ ಕಿವಿಯಿಟ್ಟು ಮಲಗಿದ್ದಳು.

"ಗೋಪುರ ನಡುಗುತ್ತಿದೆ. ಇದು ಅಷ್ಟಮಿಯ ನಡುಕ ಅಲ್ಲ," ಅಂದಳು.

ಎದ್ದಳು. ಸೀದಾ ಹೋಗಿ ನಗಾರಿಯ ಮಲ್ಲಿಗೆ ಕಿತ್ತು ಬಿಸಾಡಿದಳು. ನಾನು ಅಯ್ಯಯ್ಯೋ ಅಂತ ಕೈ ಹಿಡಿದೆ. "ಮೊದಲ ನಗಾರಿ ಜೀವಂತವಿದೆ, ಗಡಿಯಾಚೆ ಬಿಡುತ್ತಾರೆ ನಿನ್ನನ್ನ!" ಅವಳು ಕೈ ಕೊಡವಿಕೊಂಡು ರೇಷ್ಮೆ ಎಳೆದಳು.

ಬಟ್ಟೆಯ ಕೆಳಗೆ ನಗಾರಿಯ ಚರ್ಮ ಇರಲಿಲ್ಲ.

ಇತ್ತು, ಆದರೆ ಚರ್ಮ ಎನ್ನುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷದ ಹಾಲು, ಜೇನು, ತುಪ್ಪ ಕುಡಿದು ಕೊಳೆತು, ಇಲಿ ತಿಂದು, ಇರುವೆ ತಿಂದು, ಉಳಿದದ್ದು ಕುಂಕುಮದ ಒಂದು ಹಕ್ಕಳೆ. ಅವಳು ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ.

ಅವಳು ತನ್ನ ಬೆರಳನ್ನೇ ನೋಡುತ್ತ ನಿಂತಳು. "ಇಪ್ಪತ್ತೆರಡು ವರ್ಷ ನಾನು ಯಾವುದಕ್ಕೆ ಕಾದೆ?" ಅಂದಳು.

"ಕಿಟಕಿ ಒಡೆದು ನೋಡೋಣವಾ?" ಅಂದೆ.

"ನೋಡಿ ಏನು ಮಾಡಲಿ? ಊರಿಗೆ ಹೇಳಲು ನನಗೆ ಬಾಯಿಲ್ಲವಲ್ಲ." ಇಷ್ಟು ಹೇಳಿ ಮೆಟ್ಟಿಲಿಳಿದಳು. ಇಪ್ಪತ್ತೆರಡು ವರ್ಷದ ನಂತರ ಮೊದಲ ಸಲ. ಮೊದಲನೇ ಗೋಪುರದ ಕಡೆ ನಡೆದಳು. ನಾನು ಆ ಹಕ್ಕಳೆಯನ್ನು ರೇಷ್ಮೆಯ ತುಂಡಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಜಿ ಪಾತ್ರೆ ಸಮೇತ ಹಿಂದೆ ಹಿಂದೆ ಓಡಿದೆ. ಯಾಕೆ ಪಾತ್ರೆ ಬಿಡಲಿಲ್ಲ ಅಂತ ಕೇಳಬೇಡಿ, ಕೈ ಮರೆತಿತ್ತು.

ದಾರಿಯಲ್ಲಿ ಐದನೇ ಬಾಗಿಲ ಕಾವಲುಗಾರ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದ. ಅವನ ಬಾಗಿಲು ತೆರೆದಿತ್ತು. ಅವನ ಕಾಲು ಮೊಣಕಾಲವರೆಗೆ ನೀರಲ್ಲಿತ್ತು.

"ಏನಪ್ಪಾ, ನೀರು ಬಂದಿದೆಯಲ್ಲ!" ಅಂದೆ.

"ಬಂದ ಹಾಗಿದೆ," ಅಂದ.

"ಬಾಗಿಲು ಮುಚ್ಚಬಾರದಾ?"

"ನಗಾರಿ ಏನೂ ಅಂದಿಲ್ಲವಲ್ಲಕ್ಕ."

ಢಂ. ಎಲ್ಲ ಸರಿಯಿದೆ. "ನೋಡಿದಿರಾ," ಅಂದ ಅವನು, ತೇಲಿ ಹೋಗುತ್ತಿದ್ದ ಚಪ್ಪಲಿಯನ್ನು ಬಗ್ಗಿ ಹಿಡಿದುಕೊಳ್ಳುತ್ತ.

ಮೊದಲನೇ ಗೋಪುರ ಹತ್ತಿದೆವು. ಮೇಲೆ ಪಡುವಣಕ್ಕೆ ಗೋಡೆಯೇ ಇಲ್ಲ, ಬಯಲು. ನಾನು ಸೆರಗು ಅಡ್ಡ ಹಿಡಿದೆ, ಅಭ್ಯಾಸ. ನಗಾರಿಯ ಮುಂದೆ ಒಬ್ಬ ಮುದುಕ, ಬೆನ್ನು ನೆಟ್ಟಗೆ, ಮುಖ ಸಮುದ್ರಕ್ಕೆ, ತುಟಿಯಲ್ಲಿ ಉಸಿರಿನ ಎಣಿಕೆ. ಕಣ್ಣು ತೆರೆದೇ ಇದ್ದವು. ಎರಡೂ ಕಣ್ಣು ಹಾಲಿನ ಕೆನೆಯ ಹಾಗೆ ಬೆಳ್ಳಗಿದ್ದವು. ನಲವತ್ತು ವರ್ಷ ನೀರಿನ ಮೇಲಿನ ಬಿಸಿಲು ನೋಡಿ ನೋಡಿ ಹೋಗಿದ್ದವು.

"ಊಟ ಇಷ್ಟು ಬೇಗ ಬಂತಾ?" ಅಂದ.

"ಊಟ ಅಲ್ಲ. ಎರಡನೆಯವಳು," ಅಂದಳು ಅವಳು.

ಅವನ ಕೋಲು ಗಾಳಿಯಲ್ಲೇ ನಿಂತಿತು.

"ನೀನು ಇದ್ದೀಯಾ?" ಅಂದ.

"ಇದ್ದೀಯಾ ಅಂದರೆ? ಇಪ್ಪತ್ತೆರಡು ವರ್ಷದಿಂದ ಇದ್ದೇನೆ!" ಅವಳಿಗೆ ಸಿಟ್ಟು ಬಂತು. "ಕಣ್ಣು ಹೋದ ದಿನವೇ ಯಾಕೆ ನಿಲ್ಲಿಸಲಿಲ್ಲ? ನಿಲ್ಲಿಸಿದ್ದರೆ ತೊಂಬತ್ತು ಉಸಿರಿಗೆ ನಾನು ಏಳುತ್ತಿದ್ದೆ."

"ವರ್ಷವರ್ಷವೂ ನಿಲ್ಲಿಸಿದೆನಲ್ಲ ತಾಯಿ," ಅಂದ ಮುದುಕ. "ತಾಲೀಮಿನ ದಿನ ನಿಲ್ಲಿಸಿ ಕಿವಿಗೊಟ್ಟು ಕೂರುತ್ತಿದ್ದೆ. ತೊಂಬತ್ತು ಉಸಿರು. ನೂರು. ಇನ್ನೂರು. ಆ ಕಡೆಯಿಂದ ಒಂದು ಸದ್ದಿಲ್ಲ. ಆಮೇಲೆ ಯಾರೋ ಬಂದು ಎಲ್ಲ ಸುಸೂತ್ರ ಅನ್ನುವರು, ಒಂದು ಹೋಳಿಗೆ ಇಡುವರು. ಆ ಗೋಪುರದಲ್ಲಿ ಯಾರೂ ಇಲ್ಲ, ನನಗೆ ಧೈರ್ಯ ಹೇಳಲು ಸುಳ್ಳು ಹೇಳುತ್ತಿದ್ದಾರೆ ಅಂತ ತಿಳಿದೆ. ಯಾರೂ ಇಲ್ಲದ ಮೇಲೆ ಕುರುಡನಾದರೂ ನಾನೇ ಬಾರಿಸಬೇಕಲ್ಲ. ಪಂಚಾಂಗ ಬಾಯಿಪಾಠ ಇತ್ತು."

ಎರಡನೆಯವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಮುದುಕನ ಪಕ್ಕ ಕುಸಿದು ಕೂತಳು. ನಾನು ಹೋಳಿಗೆಯ ವಿಷಯ ಬಾಯಿಬಿಡಲಿಲ್ಲ.

"ಹೆತ್ತವರು ಇಟ್ಟ ಹೆಸರೇನು?" ಅಂದ.

"ಕುಸಲಿ."

"ಕುಸಲಿ, ತಿರುಗಿ ನೋಡು. ಹೇಳು. ನೀರು ಎಷ್ಟನೇ ಮೆಟ್ಟಿಲು?"

ಅವಳು ತಿರುಗಿದಳು. ಹುಟ್ಟಿದಾಗಿನಿಂದ ಬೆನ್ನ ಹಿಂದೆ ಉಸಿರಾಡುತ್ತಿದ್ದದ್ದನ್ನು ಮೊದಲ ಸಲ ನೋಡಿದಳು. ಆಮೇಲೆ ಬೆರಳು ಮಡಚುತ್ತ ಎಣಿಸಿದಳು. "ಏಳು. ಎಂಟಕ್ಕೆ ಒಂದು ಬಾಕಿ. ಅಲೆ ಇಲ್ಲ, ಕಿರುಚಾಟ ಇಲ್ಲ. ಹೊಳೆಯುತ್ತಿದೆ. ಚೆನ್ನಾಗಿದೆ." ಅವಳ ದನಿಯಲ್ಲಿ ಸಮಾಧಾನವಿತ್ತು. "ಕಟ್ಟಳೆ ಪ್ರಕಾರ ಇನ್ನೂ ಒಂಟಿ ಪೆಟ್ಟೇ. ಎಂಟಾದ ಮೇಲೆ ಮುಚ್ಚಿದರಾಯಿತು, ಅಲ್ಲವಾ?"

ಮುದುಕ ತಟ್ಟನೆ ಅವಳ ಕಡೆ ತಿರುಗಿದ.

"ಉಬ್ಬರ ಶುರುವಾಗಿ ಎಷ್ಟು ಹೊತ್ತಾಯಿತು?"

"ಹದಿನಾಲ್ಕು ಪೆಟ್ಟು."

"ಅಷ್ಟಮಿ, ಹದಿನಾಲ್ಕು ಪೆಟ್ಟು. ಈಗ ನೀರು ಎರಡನೇ ಮೆಟ್ಟಿಲಲ್ಲಿ ಇರಬೇಕು ಕುಸಲಿ. ಎರಡರಲ್ಲಿ. ಇನ್ನೂ ಮಧ್ಯಾಹ್ನದವರೆಗೆ ಏರುವುದಿದೆ. ದೂರದಲ್ಲಿ ಎಲ್ಲೋ ದೊಡ್ಡ ಗಾಳಿ ಎದ್ದಿದೆ, ಅದು ನೀರನ್ನು ಮುಂದೆ ದೂಡಿದೆ. ಗಾಳಿ ಆಮೇಲೆ ಬರುತ್ತದೆ. ಬಾಗಿಲು ಮುಚ್ಚಿದರೆ ಸಾಲದು. ಇದು ಹನ್ನೆರಡು ದಾಟುತ್ತದೆ."

ನಾನು ಸೆರಗಿನ ಹಿಂದೆ ನಿಂತು ಇಬ್ಬರನ್ನೂ ನೋಡುತ್ತಿದ್ದೆ. ಅವಳಿಗೆ ಕಣ್ಣಿತ್ತು, ಆದರೆ ಯಾವುದು ಸರಿ ಯಾವುದು ತಪ್ಪು ಅಂತ ಗೊತ್ತಿರಲಿಲ್ಲ. ಎಂದಾದರೂ ನೋಡಿದ್ದರೆ ತಾನೇ. ಅವನಿಗೆ ಎಲ್ಲ ಗೊತ್ತಿತ್ತು, ಕಣ್ಣಿರಲಿಲ್ಲ. ಇಬ್ಬರನ್ನೂ ಸೇರಿಸಿದರೆ ಒಬ್ಬ ಮೊದಲನೆಯವ ಆಗುತ್ತಿದ್ದ. ಸೇರಬಾರದು ಅಂತ ಬಾವಿ ಬೇರೆ ಮಾಡಿ, ಒಲೆ ಬೇರೆ ಮಾಡಿ, ನಡುವೆ ನನ್ನಂಥವಳನ್ನು ಇಟ್ಟಿದ್ದೆವು.

"ನೀನು ಮೆಟ್ಟಿಲು ಹೇಳುತ್ತಾ ಹೋಗು," ಅಂದ ಮುದುಕ. ಕೋಲು ಎತ್ತಿದ.

"ಏಳು," ಅಂದಳು. ಜೋಡಿ ಪೆಟ್ಟು. ಕಾವಲುಗಾರರು ಎದ್ದರು.

"ಏಳೂವರೆ." ಜೋಡಿ ಪೆಟ್ಟು. ಒಂದು ಬಾಗಿಲು ಬಿತ್ತು, ಎರಡು ಬಿತ್ತು, ಮೂರು ಬಿತ್ತು.

"ಎಂಟು. ಏಳೂ ಬಾಗಿಲು ಮುಚ್ಚಿತು."

ಆಗ ಅವನು ನಿಲ್ಲದ ಪೆಟ್ಟು ಹಿಡಿದ. ನನ್ನ ಜೀವಮಾನದಲ್ಲಿ ಅದನ್ನು ಕೇಳಿರಲಿಲ್ಲ. ಕೆಳಗೆ ಊರು ಒಂದು ಗಳಿಗೆ ಹಾಗೇ ನಿಂತಿತು. ಅಷ್ಟಮಿಯ ದಿನ, ಬಿಸಿಲಿನಲ್ಲಿ, ಗಾಳಿಯಿಲ್ಲದೆ? ಆದರೆ ನಮ್ಮ ಜನಕ್ಕೆ ಒಂದು ಗುಣ ಇದೆ, ನಗಾರಿ ಹೇಳಿದರೆ ಮುಗಿಯಿತು. ಕಾಲು ಮುಳುಗಿದರೂ ಏಳದವರು ನಗಾರಿ ಕೇಳಿ ಎದ್ದರು. ಕೂಸು, ಮುದುಕರು, ಎಮ್ಮೆ, ಒಲೆಯ ಮೇಲಿನ ಪಾತ್ರೆ ಎಲ್ಲ ಗುಡ್ಡಕ್ಕೆ ಹೊರಟವು.

"ಒಂಬತ್ತು." ಮುದುಕನ ತೋಳು ನಡುಗತೊಡಗಿತು. ಅವಳು ಒಂದು ಕೋಲು ಇಸಿದುಕೊಂಡಳು. ಅವನ ಬಲಗೈ, ಅವಳ ಎಡಗೈ. "ಹತ್ತು." ನಾನು ಪಾತ್ರೆ ಇಟ್ಟು ಇಬ್ಬರ ಬಾಯಿಗೂ ಒಂದೇ ಪಾತ್ರೆಯ ಗಂಜಿ ಹೊಯ್ದೆ. ಆ ಕಟ್ಟಳೆಯನ್ನೂ ಅವತ್ತೇ ಮುರಿದೆ, ಮುರಿಯುವುದೇ ಆದರೆ ಚಿಲ್ಲರೆ ಯಾಕೆ ಬಿಡಲಿ. "ಹನ್ನೊಂದು," ಅಂದಳು, "ಗುಡ್ಡದ ಬುಡದಲ್ಲಿ ಇನ್ನು ಯಾರೂ ಕಾಣುತ್ತಿಲ್ಲ." ಆಮೇಲೆ ನಾವೂ ಓಡಿದೆವು, ಮುದುಕನನ್ನು ನಡುವೆ ಹಿಡಿದುಕೊಂಡು.

ಮಧ್ಯಾಹ್ನ ನೀರು ಕಟ್ಟೆ ದಾಟಿತು. ಆ ವರ್ಷದ ಉಪ್ಪೆಲ್ಲ ತವರಿಗೆ ಹೋಯಿತು. ಮೊದಲ ಗೋಪುರ ನಿಂತಿತು. ಎರಡನೇ ಗೋಪುರ ಮಗುಚಿ ಬಿತ್ತು. ಅದನ್ನು ಕಟ್ಟೆಯ ಅತಿ ತಗ್ಗಿನಲ್ಲಿ ಕಟ್ಟಿದ್ದರು ಅಂತ ಗುಡ್ಡದ ಮೇಲಿಂದ ನೋಡಿದಾಗಲೇ ನಮಗೆ ತಿಳಿದದ್ದು. ಕಟ್ಟಿದವರೂ ಸಮುದ್ರ ನೋಡುವ ಹಾಗಿರಲಿಲ್ಲವಲ್ಲ. ತಲೆ ಎಣಿಸಿದರು. ಎಲ್ಲ ತಲೆಯೂ ಇತ್ತು. ಎರಡು ಸಲ ಎಣಿಸಿದರು.

ಎಣಿಸಿ ಮುಗಿದದ್ದೇ ತಡ, ಒದ್ದೆ ಬಟ್ಟೆಯಲ್ಲೇ ಪಂಚಾಯಿತಿ. ಕುಸಲಿ ತಾನು ಮಾಡಿದ್ದನ್ನು ತಾನೇ ಒಪ್ಪಿಕೊಂಡಳು. ಕಟ್ಟಳೆ ಕಟ್ಟಳೆಯೇ. ಯಜಮಾನರು ತಾಳೆಗರಿ ಓದಿದರು. ಎರಡನೆಯವಳು ಸ್ಥಾನ ಬಿಟ್ಟಿದ್ದಾಳೆ. ನಗಾರಿ ಜೀವಂತವಿರುವಾಗ ತನ್ನ ನಗಾರಿ ಮುಟ್ಟಿದ್ದಾಳೆ. ಒಂದೇ ಗೋಪುರದಲ್ಲಿ ಇಬ್ಬರು ನಿಂತಿದ್ದಾರೆ. ಗಡಿಯಾಚೆ.

ಕುಸಲಿ ತಲೆ ತಗ್ಗಿಸಿ ನಿಂತಿದ್ದಳು. ಮೊದಲನೆಯವ ಎದ್ದ.

"ಎಂಟು ತಿಂಗಳು ನೋಡದೆ ಬಾರಿಸಿದವನು ನಾನು. ನನ್ನನ್ನು ಬಿಟ್ಟು ಬನ್ನಿ."

ಯಜಮಾನರು ಗರಿ ತಿರುವಿ ಹಾಕಿದರು. "ಅದಕ್ಕೆ ಕಟ್ಟಳೆ ಇಲ್ಲ," ಅಂದರು.

ಆಗ ಮೊದಲನೇ ಒಲೆಯವಳು, ನನ್ನ ನೆರೆಯವಳು, ಹಿಂದಿನಿಂದ ಅಂದಳು: "ಎಂಟು ತಿಂಗಳಿಂದ ತಟ್ಟೆ ತಡವುತ್ತಿದ್ದರು. ಸಾರಿನೊಳಗೆ ಬೆರಳಿಟ್ಟು ನೋಡಿ ಉಣ್ಣುತ್ತಿದ್ದರು."

"ಯಾಕೆ ಹೇಳಲಿಲ್ಲ?"

"ಯಾರು ಕೇಳಿದರು? ನಗಾರಿ ಬಾರಿಸಿದನಾ ಅಂತ ಕೇಳುವಿರಿ. ಉಂಡನಾ ಅಂತ ಕೇಳುವಿರಿ. ಕಂಡನಾ ಅಂತ ಎಂದು ಕೇಳಿದಿರಿ?"

ನನಗೆ ತಡೆಯಲಾಗಲಿಲ್ಲ. ರೇಷ್ಮೆಯ ತುಂಡು ಇನ್ನೂ ನನ್ನ ಸೊಂಟದಲ್ಲಿತ್ತು, ಅದರಲ್ಲಿ ನಗಾರಿಯ ಹಕ್ಕಳೆ. ಬಿಚ್ಚಿ ಯಜಮಾನರ ಮುಂದೆ ಇಟ್ಟೆ. "ಇದು ಎರಡನೇ ನಗಾರಿ, ಸ್ವಾಮಿ. ಇದನ್ನು ಮುಟ್ಟಿದಳು ಅಂತ ತಾನೇ ತಪ್ಪು? ಮುಟ್ಟಿ ನೋಡಿ. ನೀವೇ ಇಪ್ಪತ್ತೆರಡು ವರ್ಷ ಹಾಲು ಕುಡಿಸಿ ಸಾಕಿದ್ದು."

ಯಜಮಾನರು ಮುಟ್ಟಿದರು. ಅದು ಅವರ ಬೆರಳಲ್ಲಿ ಪುಡಿಯಾಯಿತು. ಅವರು ಬಹಳ ಹೊತ್ತು ಬೆರಳು ಉಜ್ಜುತ್ತ ಕೂತರು. ಕೆಟ್ಟವರಲ್ಲ ಅವರು, ಹೆದರಿದವರು. ಅವರ ಅಜ್ಜಿಯೂ ಹೆಸರು ಹೇಳುವಾಗ ನಡುವೆ ನಿಲ್ಲುತ್ತಿದ್ದಳಂತೆ.

"ಇಪ್ಪತ್ತೆರಡು ಸಲ ಸುಸೂತ್ರ ಅಂತ ಬರೆದೆ," ಅಂದರು ಕೊನೆಗೆ. "ಒಂದು ಸಲವೂ ಕೇಳಲಿಲ್ಲ." ಗರಿಯನ್ನು ಮಡಚಿ ಒದ್ದೆ ಮಣ್ಣಿನ ಮೇಲಿಟ್ಟರು. ಗಡಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಎರಡನೇ ಗೋಪುರ ಗುಡ್ಡದ ಮೇಲಿದೆ. ಅದಕ್ಕೂ ಪಡುವಣಕ್ಕೆ ಬಯಲು. ಐದನೇ ಬಾಗಿಲ ಕಾವಲುಗಾರ ಮೊದಲನೆಯವನಾದ. ನೀರು ಕಾಲಿಗೆ ಬಂದರೂ ಎದ್ದಿರಲಿಲ್ಲ ಅನ್ನುವ ನಾಚಿಕೆ ಇದೆಯಲ್ಲ, ಅಂಥವನು ಇನ್ನು ಕಣ್ಣು ಮಿಟುಕಿಸುವುದಿಲ್ಲ ಅಂತ ಕುಸಲಿಯೇ ಆರಿಸಿದಳು. ನೀನೇ ಮೊದಲನೆಯವಳಾಗು ಅಂದರೆ ಒಪ್ಪಲಿಲ್ಲ. "ಮುದುಕರು ಹೇಳಿಕೊಟ್ಟರೆ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಕಾಯುವುದನ್ನು ಕಲಿಯಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು, ಅದನ್ನು ಹಾಳು ಮಾಡಬೇಡಿ," ಅಂದಳು. ಇಬ್ಬರೂ ದಿನವೂ ಮುದುಕನ ಬಳಿ ಪಾಠ ಹೇಳಿಸಿಕೊಳ್ಳುತ್ತಾರೆ, ಬೇರೆ ಬೇರೆ ಹೊತ್ತಿಗೆ. ಒಲೆಗಳು ಈಗಲೂ ಎರಡೇ.

ತಾಲೀಮಿಗೆ ಈಗ ಡಂಗುರವಿಲ್ಲ, ದಿನವಿಲ್ಲ, ಹೋಳಿಗೆಯಿಲ್ಲ. ಮೊದಲನೆಯವ ಮನಸ್ಸಿಗೆ ಬಂದ ದಿನ ನಿಲ್ಲಿಸುತ್ತಾನೆ. ಯಾರಿಗೂ ಹೇಳುವುದಿಲ್ಲ. ತಾಲೀಮೋ ನಿಜವೋ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಸಲ ನಿಲ್ಲಿಸಿದ ದಿನ ಮುದುಕ ನನ್ನ ಅಡುಗೆಮನೆಯಲ್ಲಿ ಉಣ್ಣುತ್ತಿದ್ದ. ಈಗ ಅವನು ಯಾರೂ ಅಲ್ಲ, ಎಲ್ಲಿ ಬೇಕಾದರೂ ಉಣ್ಣಬಹುದು. ನಾನು ಸಾರು ಬಡಿಸುತ್ತಿದ್ದೆ. ಢಂ ಬರಬೇಕಾದ ಜಾಗದಲ್ಲಿ ಢಂ ಬರಲಿಲ್ಲ.

ಸೌಟು ನನ್ನ ಕೈಯಲ್ಲೇ ನಿಂತಿತು. ಬೀದಿಯಲ್ಲಿ ಒನಕೆ ನಿಂತಿತು. ಬಾವಿಯ ಗಾಲಿ ನಿಂತಿತು. ಮುದುಕನ ಕೈ ಅನ್ನದಲ್ಲೇ ಇತ್ತು. ಅವನ ತುಟಿ ಎಣಿಸುತ್ತಿತ್ತು. ಮೂವತ್ತು. ಏನಿಲ್ಲ. ಅರವತ್ತು. ಏನಿಲ್ಲ. ಅವನ ಹಣೆಯಲ್ಲಿ ಬೆವರು ಬಂತು. ಇಪ್ಪತ್ತೆರಡು ಸಲ ಹೀಗೇ ಕೂತು ಎಣಿಸಿದವನು. ಎಂಬತ್ತು. ಎಂಬತ್ತೈದು. ನಾನು ಉಸಿರು ಬಿಡುವುದನ್ನೇ ಮರೆತೆ, ಎಣಿಕೆಯೂ ತಪ್ಪಿತು.

ತೊಂಬತ್ತು.

ಗುಡ್ಡದ ಮೇಲಿಂದ ಢಂ ಅಂತು.

ಮುದುಕ ಅಲ್ಲಾಡಲಿಲ್ಲ. ಬೆಳ್ಳಗಿನ ಕಣ್ಣುಗಳಿಂದ ನೀರು ಇಳಿದು ಗಡ್ಡಕ್ಕೆ ಬಂತು, ಗಡ್ಡದಿಂದ ತಟ್ಟೆಗೆ. ಒರೆಸಿಕೊಳ್ಳಲಿಲ್ಲ. ಮತ್ತೆ ಮೂವತ್ತು ಉಸಿರು ಕಾದ. ಮತ್ತೆ ಢಂ.

"ಎಡಗೈ ಸ್ವಲ್ಪ ಭಾರ," ಅಂದ. ಆಮೇಲೆ ಅಂದ, "ಕುಸಲಿ ಇದ್ದಾಳೆ."

ನಾನೂ ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇನು. ಅವನು ತಟ್ಟೆಯನ್ನು ನನ್ನ ಕಡೆ ಸರಿಸಿ ಇನ್ನೊಂದಿಷ್ಟು ಅನ್ನ ಹಾಕು ಅಂದ, ಸಾರು ಉಪ್ಪಾಗಿದೆ ಅಂದ.